‘ಅಂಡ್’ ಇದ್ರೆ ಕಾಂಪೌಂಡ್ ಅಂತೆ!

ಹೋದ ಭಾನುವಾರ ತಿಪಟೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಇನ್ನೇನು ಅಡ್ಡಾಗಬೇಕು ಅನ್ನೋ ಹೊತ್ತಿಗೆ ಅಕ್ಕನ ಮಗಳು ಇಂಗ್ಲಿಷ್ ಟೆಸ್ಟ್ ಪೇಪರ್ ತಂದು ಮುಂದಿಟ್ಟಳು. ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಕೆಂಪು ಇಂಕಿನಲ್ಲಿ ಮೂರು ಕಡೆ ತಪ್ಪು ಗುರುತು.

"ಮಾಮ, ಇಂಗ್ಲಿಷ್ ನನ್ ತಲೆಗೆ ಹತ್ತಲ್ಲ ಬಿಡು. ಪಿಯುಸೀಲಿ ಸೈನ್ಸ್ ತಗೊಳ್ಳಲ್ಲ ನಾನು, ಅಲ್ಲೆಲ್ಲಾ ಇಂಗ್ಲಿಷೇ ಅಲ್ವಾ?"

ಲೆಕ್ಕದಲ್ಲಿ ಕ್ಲಾಸಿಗೇ ಮೊದಲು ಬರೋ ಹುಡುಗಿ ಸ್ವಾಮಿ ಇವಳು! ಅವಳನ್ನ ಸೈನ್ಸಿನಿಂದ ಓಡಿಸ್ತಿರೋದು ಏನಪ್ಪಾ ಅಂತ ನೋಡಿದರೆ... ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ವಾಕ್ಯಗಳು.

ಮೊದಲನೇ ತಪ್ಪು: ‘ರವಿ ಅಂಡ್ ಗೀತಾ ವೆಂಟ್ ಟು ಮೈಸೂರ್’. ಇವಳು ‘ಕಾಂಪೌಂಡ್’ ಅಂತ ಬರೆದಿದ್ದಳು. ಎರಡನೇದು: ‘ಬಿಫೋರ್ ದಿ ಎಕ್ಸಾಮ್ ಶಿ ವಾಸ್ ನರ್ವಸ್’. ‘ಕಾಂಪ್ಲೆಕ್ಸ್’ ಅಂತ ಬರೆದಿದ್ದಳು. ಎರಡೂ ಸಿಂಪಲ್ ವಾಕ್ಯಗಳು, ಹಾಗಾಗಿ ತಪ್ಪು ಹಾಕಿದ್ದು ಸರಿಯೇ. ಆದರೆ ಅವಳ ನೋಟ್ಸ್ ತೆಗೆದು ನೋಡಿದೆ. ಬೋರ್ಡಿನ ಮೇಲೆ ಬರೆಸಿದ್ದು ಹೀಗಿತ್ತು: ‘ಅಂಡ್, ಬಟ್, ಆರ್ ಬಂದರೆ ಕಾಂಪೌಂಡ್. ಬಿಕಾಸ್, ವೆನ್, ಬಿಫೋರ್, ಆಫ್ಟರ್ ಬಂದರೆ ಕಾಂಪ್ಲೆಕ್ಸ್. ಯಾವುದೂ ಇಲ್ಲದಿದ್ದರೆ ಸಿಂಪಲ್.’

ಅಂದರೆ ಹುಡುಗಿ ಹೇಳಿಕೊಟ್ಟಿದ್ದನ್ನ ಚಾಚೂ ತಪ್ಪದೆ ಪಾಲಿಸಿದಳು, ಪಾಲಿಸಿದ್ದಕ್ಕೇ ಮಾರ್ಕ್ಸ್ ಕಳಕೊಂಡಳು! ಇದಕ್ಕಿಂತ ಅನ್ಯಾಯ ಬೇಕಾ?

ಈ ಪಟ್ಟಿ ಅನ್ನೋದೇ ಸುಳ್ಳು ಕಣ್ರೀ. ನೋಡಬೇಕಾದ್ದು ಕೂಡಿಸೋ ಪದವನ್ನಲ್ಲ, ಪೂರ್ಣ ಕ್ರಿಯಾಪದವನ್ನ. ತನ್ನದೇ ಕರ್ತೃ, ತನ್ನದೇ ಪೂರ್ಣ ಕ್ರಿಯಾಪದ ಇರೋ ತುಂಡುಗಳು ಎಷ್ಟಿವೆ ಅಂತ ಎಣಿಸಬೇಕು. ‘ರವಿ ಅಂಡ್ ಗೀತಾ’ದಲ್ಲಿ ಜನ ಇಬ್ಬರು, ಕ್ರಿಯಾಪದ ‘ವೆಂಟ್’ ಒಂದೇ. ಸಿಂಪಲ್. ‘ಬಿಫೋರ್ ದಿ ಎಕ್ಸಾಮ್’ನಲ್ಲಿ ಎಕ್ಸಾಮ್ ಏನೂ ಮಾಡ್ತಿಲ್ಲ, ಸುಮ್ಮನೆ ಕೂತಿದೆ. ಅದೇ ‘ಬಿಫೋರ್ ದಿ ಬಸ್ ಕೇಮ್’ ಅಂದರೆ ಬಸ್ಸು ‘ಬಂತು’. ಈಗ ಅಲ್ಲೊಂದು ಪುಟ್ಟ ವಾಕ್ಯ ಹುಟ್ಟಿತು, ಆದರೆ ಒಂಟಿಯಾಗಿ ನಿಲ್ಲಲಾರದು, ಇನ್ನೊಂದು ವಾಕ್ಯಕ್ಕೆ ಒರಗಿಕೊಳ್ಳಬೇಕು. ಅದಕ್ಕೇ ಕಾಂಪ್ಲೆಕ್ಸ್. ಪದ ಅದೇ ‘ಬಿಫೋರ್’! ಒರಗದೆ ಎರಡೂ ಸ್ವಂತ ಕಾಲ ಮೇಲೆ ನಿಂತು ಕೈಕೈ ಹಿಡಿದರೆ ಕಾಂಪೌಂಡ್. ಇಷ್ಟೇ. ಹತ್ತು ನಿಮಿಷದಲ್ಲಿ ಹುಡುಗಿಗೆ ಅರ್ಥವಾಯಿತು.

ಇನ್ನು ಮೂರನೇ ತಪ್ಪು. ಸ್ವಂತ ವಾಕ್ಯ ಬರೆಯಿರಿ ಅಂದಿದ್ದಕ್ಕೆ ಅವಳು ಬರೆದದ್ದು: ‘ಯೆಸ್ಟರ್‌ಡೇ ಕೇಮ್ ಬಾಯ್ ಈಸ್ ಮೈ ಕಸಿನ್’. ಅದರ ಮೇಲೆ ಉದ್ದಕ್ಕೂ ಗೀಟು, ಪಕ್ಕದಲ್ಲಿ ದೊಡ್ಡ ಸೊನ್ನೆ.

ನಗಬೇಡಿ. ಆ ವಾಕ್ಯ ಮತ್ತೊಮ್ಮೆ ಓದಿ. ‘ನಿನ್ನೆ ಬಂದ ಹುಡುಗ ನನ್ನ ಕಸಿನ್.’ ಕನ್ನಡದಲ್ಲಿ ಒಂದಕ್ಷರ ತಪ್ಪಿಲ್ಲ. ನಾವು ‘ಬಂದ’ ಅನ್ನೋ ಕೃದಂತವನ್ನ ಹುಡುಗನ ಮುಂದೆ ಇಡ್ತೀವಿ, ಕೆಲಸ ಮುಗೀತು. ಇಂಗ್ಲಿಷಿನವರು ಮೊದಲು ಹುಡುಗನನ್ನ ಹೇಳಿ, ಆಮೇಲೆ ‘ಹೂ’ ಅಂತ ಒಂದು ಕೊಂಡಿ ಹಾಕಿ, ಅದರ ಹಿಂದೆ ವಿವರ ಎಳೀತಾರೆ: ‘ದಿ ಬಾಯ್ ಹೂ ಕೇಮ್ ಯೆಸ್ಟರ್‌ಡೇ...’ ನಮ್ಮದು ಹೆಸರಿನ ಮುಂದೆ, ಅವರದ್ದು ಹೆಸರಿನ ಹಿಂದೆ. ಹುಡುಗಿಗೆ ಗೊತ್ತಿಲ್ಲದ್ದು ಈ ಒಂದು ಅದಲು ಬದಲು ಮಾತ್ರ. ಒಂದು ಮಾತಿನೊಳಗೆ ಇನ್ನೊಂದು ಮಾತು ಸೇರಿಸೋ ಬುದ್ಧಿ ಅವಳಿಗೆ ಮೂರು ನಾಲ್ಕು ವರ್ಷದವಳಿದ್ದಾಗಲೇ ಬಂದಿತ್ತು, ‘ನೀನು ಕೊಟ್ಟ ಬಿಸ್ಕತ್ತು ಬೇಡ’ ಅಂತ ರಚ್ಚೆ ಹಿಡಿದಾಗಲೇ! ಅಂಥವಳಿಗೆ ಸೊನ್ನೆ ಕೊಟ್ಟು ‘ನಿನಗೆ ಬರಲ್ಲ’ ಅಂತ ನಂಬಿಸಿದ್ದೀವಿ.

ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡದ ಹೆಸರೆತ್ತಿದರೆ ಮಡಿ ಕೆಡುತ್ತೆ ಅನ್ನೋರಿದ್ದಾರೆ. ಇಂಗ್ಲಿಷನ್ನ ಇಂಗ್ಲಿಷಿನಲ್ಲೇ ಕಲೀಬೇಕಂತೆ. ತಮಾಷೆ ಏನು ಗೊತ್ತಾ? ಇದೇ ಮೂರು ಡಬ್ಬಿಗಳನ್ನ ನಾವು ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲೂ ಇಟ್ಟುಕೊಂಡಿದ್ದೀವಿ: ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಅಂತ ಪ್ರಕರಣ ಮಾಡಿದ, ವಾಕ್ಯದ ವಿಧಗಳಿಗೆ ಅಂತ ಒಂದು ಪ್ರಕರಣ ಮಾಡಲಿಲ್ಲ. ಕನ್ನಡ ವ್ಯಾಕರಣವನ್ನ ಸಂಸ್ಕೃತದ ಅಚ್ಚಿಗೆ ಹಾಕಿದ್ದೀವಿ ಅಂತ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ತಕರಾರು ಎತ್ತಿದರು. ಇಂಗ್ಲಿಷಿನ ಅಚ್ಚಿನ ಬಗ್ಗೆ ನನ್ನದೊಂದು ತಕರಾರು ಸೇರಿಸಿಕೊಳ್ಳಿ. ‘ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು, ಪೇಪರ್ ಓದಿ ಆಫೀಸಿಗೆ ಹೋದೆ.’ ಐದು ಕೆಲಸ, ಪೂರ್ಣ ಕ್ರಿಯಾಪದ ‘ಹೋದೆ’ ಒಂದೇ. ಇಂಗ್ಲಿಷಿಗೆ ಅದನ್ನ ಸುಮ್ಮನೆ ತಿರುಗಿಸಿದರೆ ‘ಅಂಡ್ ಅಂಡ್ ಅಂಡ್’ ಅಂತ ಗೂಡ್ಸ್ ಗಾಡಿ.

ಆ ಗೂಡ್ಸ್ ಗಾಡಿ ನಾನೇ ಓಡಿಸಿದ್ದೀನಿ! ಎಸ್ಸೆಸ್ಸೆಲ್ಸಿಯಲ್ಲಿ ವಾಕ್ಯ ಬದಲಾಯಿಸೋ ಪ್ರಶ್ನೆಗಳಿಗೆ ನನಗೆ ಪೂರ್ತಿ ಮಾರ್ಕ್ಸ್. ‘ಟೂ’ ತೆಗೆದು ‘ಸೋ ದಟ್’ ಹಾಕು, ‘ಬಟ್’ ತೆಗೆದು ‘ದೋ’ ಹಾಕು... ನಿದ್ದೇಲಿ ಎಬ್ಬಿಸಿ ಕೇಳಿದರೂ ಹೇಳ್ತಿದ್ದೆ. ಬೆಂಗಳೂರಿಗೆ ಬಂದು ಮೊದಲ ಕೆಲಸದಲ್ಲಿ ಒಂದು ಪುಟ ರಿಪೋರ್ಟ್ ಬರೆದುಕೊಟ್ಟರೆ ಮ್ಯಾನೇಜರು ಕೇಳಿದ್ದು, "ಏನ್ರೀ ಇದು, ರಿಪೋರ್ಟೋ ದಿನಸಿ ಪಟ್ಟೀನೋ?" ಯಾಕೆಂದರೆ ಯಾವ ವಾಕ್ಯ ಯಾವಾಗ ಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಬದಲಾಯಿಸಿದರೂ ಅರ್ಥ ಒಂದೇ ಅಂತಲೇ ಕಲಿಸಿದ್ದರು.

ಅರ್ಥ ಒಂದೇನಾ? ಕೆಲಸ ಉಳಿಯುತ್ತೋ ಹೋಗುತ್ತೋ ಅನ್ನೋ ಒಬ್ಬನ ಬಗ್ಗೆ ಎರಡು ಮಾತು ಕೇಳಿ.

‘ಕೆಲಸ ಚೆನ್ನಾಗಿ ಮಾಡ್ತಾನೆ, ಆದ್ರೆ ಲೇಟಾಗಿ ಬರ್ತಾನೆ.’

‘ಲೇಟಾಗಿ ಬಂದ್ರೂ ಕೆಲಸ ಚೆನ್ನಾಗಿ ಮಾಡ್ತಾನೆ.’

ವಿಷಯ ಎರಡರಲ್ಲೂ ಅದೇ. ಮೊದಲನೇದರಲ್ಲಿ ಎರಡು ಮಾತೂ ಸಮಸಮ, ಕೊನೆಗೆ ಕಿವಿಯಲ್ಲಿ ಉಳಿಯೋದು ‘ಲೇಟು’. ಎರಡನೇದರಲ್ಲಿ ‘ಲೇಟು’ ಹಿಂದಿನ ಬೆಂಚಿಗೆ ಹೋಯಿತು, ‘ಚೆನ್ನಾಗಿ ಮಾಡ್ತಾನೆ’ ಮುಂದೆ ಬಂದು ನಿಂತಿತು. ಆ ಒಂದು ‘ಬಂದ್ರೂ’ ಅವನ ಅನ್ನ ಉಳಿಸಬಹುದು. ಇಂಗ್ಲಿಷಿನ ‘ಬಟ್’ಗೂ ‘ದೋ’ಗೂ ಇರೋ ವ್ಯತ್ಯಾಸ ಇದೇ. ಕಾಂಪೌಂಡ್ ಅಂದರೆ ಎರಡಕ್ಕೂ ಒಂದೇ ತೂಕ. ಕಾಂಪ್ಲೆಕ್ಸ್ ಅಂದರೆ ಯಾವುದು ಮುಖ್ಯ ಅಂತ ಹೇಳೋನು ಮಾಡಿದ ತೀರ್ಮಾನ. ವ್ಯಾಕರಣ ಇರೋದು ಈ ತೀರ್ಮಾನಕ್ಕೆ, ಪದ ತೆಗೆದು ಪದ ಹಾಕೋ ಆಟಕ್ಕಲ್ಲ.

ಮೇಷ್ಟ್ರನ್ನ ನಾನು ಬೈತಿಲ್ಲ. ತುಂಬಿದ ಕ್ಲಾಸು, ಮುಗಿಸಬೇಕಾದ ಪಾಠ, ಮೇಲಿಂದ ರಿಸಲ್ಟಿನ ಒತ್ತಡ. ‘ಮೊದಲು ಮಾರ್ಕ್ಸ್ ಬರಲಿ, ಅರ್ಥ ಆಮೇಲೆ’ ಅಂತಾರೆ. ಸರಿ, ಆದರೆ ನಮ್ಮ ಹುಡುಗಿಗೆ ಈ ಪಟ್ಟಿಯಿಂದ ಮಾರ್ಕ್ಸೂ ಬರಲಿಲ್ಲವಲ್ಲ! ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರು. ಅಲ್ಲಿಂದ ಒಂಬತ್ತು ವರ್ಷ ಕಲಿತ ಮಗು ‘ನಂಗೆ ಬರಲ್ಲ’ ಅಂದರೆ ದಡ್ಡತನ ಮಗುವಿನದಲ್ಲ, ಕಲಿಸೋ ದಾರಿಯದ್ದು. ಬೇಕಿರೋದು ಮೂರೇ: ಕನ್ನಡದ ವಾಕ್ಯದಿಂದ ಶುರು ಮಾಡಿ, ಕ್ರಿಯಾಪದ ಎಣಿಸಿ, ‘ಬದಲಾಯಿಸು’ ಅನ್ನೋ ಬದಲು ‘ಇಲ್ಲಿ ಯಾವುದು ಸರಿ, ಯಾಕೆ’ ಅಂತ ಕೇಳಿ.

ಹೊರಡುವಾಗ ಬಾಗಿಲಲ್ಲಿ ನಿಂತು ಅವಳೇ ಅಂದಳು: "ಮಾಮ, ‘ದೋ ಇಂಗ್ಲಿಷ್ ಈಸ್ ಡಿಫಿಕಲ್ಟ್, ಐ ವಿಲ್ ಟೇಕ್ ಸೈನ್ಸ್’. ಇದು ಕಾಂಪ್ಲೆಕ್ಸ್ ತಾನೆ?"

ಹೌದು ಪುಟ್ಟಿ, ಕಾಂಪ್ಲೆಕ್ಸೇ. ಮುಖ್ಯವಾದ್ದನ್ನ ಮುಖ್ಯವಾದ ಜಾಗದಲ್ಲೇ ಇಟ್ಟಿದ್ದೀಯ :-)

ನಿಮ್ಮ ಮನೆಯ ಮಕ್ಕಳ ನೋಟ್ಸಿನಲ್ಲೂ ಈ ಪಟ್ಟಿ ಇದೆಯಾ? ಒಮ್ಮೆ ತೆಗೆದು ನೋಡಿ.