ನಡುಬೀದಿಯ ಕಲೆಗೆ ನಗರ ಜಾಗ ಬಿಡಲಿ

2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯ ಮುಖ್ಯರಸ್ತೆಯಲ್ಲಿ ಹೋಗುತ್ತಿದ್ದವರಿಗೆ ನಡುರಸ್ತೆಯಲ್ಲೊಂದು ಮೊಸಳೆ ಕಂಡಿತು. ನೀರಿನ ಪೈಪು ಒಡೆದು ಬಿದ್ದಿದ್ದ ದೊಡ್ಡ ಗುಂಡಿ ವಾರಗಟ್ಟಲೆ ಹಾಗೇ ಬಾಯಿ ತೆರೆದುಕೊಂಡಿತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಆ ಗುಂಡಿಯನ್ನು ಬಣ್ಣ ಬಳಿದು ಕೊಳವಾಗಿಸಿದರು, ಅದರಲ್ಲಿ ಇಪ್ಪತ್ತು ಕಿಲೊ ತೂಕದ ಮೊಸಳೆಯೊಂದನ್ನು ತಂದು ಮಲಗಿಸಿದರು. ಖರ್ಚಾದದ್ದು ಸುಮಾರು 6,000 ರೂಪಾಯಿ, ಅದೂ ಅವರದೇ ಜೇಬಿನಿಂದ. ಜನ ನಿಂತರು, ನೋಡಿದರು, ಫೋಟೊ ತೆಗೆದರು. ಚಿತ್ರ ದೇಶ ದಾಟಿ ವಿದೇಶದ ಸುದ್ದಿಮನೆಗಳನ್ನೂ ತಲುಪಿತು. ಅಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದ ಗುಂಡಿ ಬೇಗನೆ ಮುಚ್ಚಿತು.

ನಾಲ್ಕು ವರ್ಷದ ನಂತರ, 2019ರ ಸೆಪ್ಟೆಂಬರ್ ಮೊದಲ ವಾರ. ಚಂದ್ರಯಾನ-2ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿಯುವುದನ್ನು ನೋಡಲು ದೇಶವೆಲ್ಲ ಕಾದು ಕುಳಿತಿದ್ದ ದಿನಗಳವು. ಗಗನಯಾತ್ರಿಯೊಬ್ಬ ಕುಳಿಗಳ ನಡುವೆ ಮೆಲ್ಲಗೆ ತೇಲಿದಂತೆ ಹೆಜ್ಜೆ ಇಡುವ ವಿಡಿಯೊ ಒಂದು ಎಲ್ಲರ ಮೊಬೈಲಿಗೂ ಬಂತು. ಕೆಲವು ಕ್ಷಣ ಕಳೆದ ಮೇಲೆ ಅವನ ಪಕ್ಕದಲ್ಲೇ ಆಟೊ ಹಾದುಹೋಗುತ್ತದೆ. ಅದು ಚಂದ್ರನಲ್ಲ, ಹೇರೋಹಳ್ಳಿ ಬಳಿಯ ತುಂಗಾನಗರದ ರಸ್ತೆ. ಉಡುಪು ತೊಟ್ಟು ನಡೆದವರು ನಟ ಪೂರ್ಣಚಂದ್ರ ಮೈಸೂರು, ರೂಪಿಸಿದವರು ಅದೇ ನಂಜುಂಡಸ್ವಾಮಿ. ಮರುದಿನವೇ ಪಾಲಿಕೆಯ ಯಂತ್ರಗಳು ಆ ರಸ್ತೆಗೆ ಬಂದವು.

ಈ ಎರಡು ಘಟನೆಗಳನ್ನು ಜನ ಸಾಮಾನ್ಯವಾಗಿ ಗುಂಡಿಯ ಕಥೆ ಎಂದೇ ಹೇಳುತ್ತಾರೆ. ಆದರೆ ಇದು ಕಲೆಯ ಕಥೆಯೂ ಹೌದು. ಕಲಾವಲಯದಲ್ಲಿ ಇದಕ್ಕೆ ಇನ್‌ಸ್ಟಲೇಶನ್ ಎನ್ನುತ್ತಾರೆ, ಪ್ರತಿಷ್ಠಾಪನಾ ಕಲೆ ಎಂಬ ಮಾತೂ ಬಳಕೆಯಲ್ಲಿದೆ. ಚೌಕಟ್ಟು ಹಾಕಿ ಗೋಡೆಗೆ ತೂಗುವ ಚಿತ್ರವಲ್ಲ ಇದು. ಒಂದು ಜಾಗವನ್ನೇ ಕೃತಿಯಾಗಿಸುವುದು, ಅಲ್ಲಿ ಓಡಾಡುವವರನ್ನೂ ಅದರೊಳಕ್ಕೆ ಎಳೆದುಕೊಳ್ಳುವುದು ಇದರ ಬಗೆ. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಮುಂದೆ ದಿನವೂ ಬಸ್ಸಿನಲ್ಲಿ ಹೋಗುವ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಒಮ್ಮೆಯೂ ಅದರ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಅವಳ ದಾರಿಗೇ ಕಲೆ ಬಂದರೆ ಅವಳೂ ನೋಡುತ್ತಾಳೆ, ಮಾತಾಡುತ್ತಾಳೆ, ಬೇಕಿದ್ದರೆ ಜಗಳವನ್ನೂ ಆಡುತ್ತಾಳೆ. ಈ ಕರಪತ್ರದ ವಾದ ಇಷ್ಟೇ: ಕೆಲವು ದಿನ ಇದ್ದು ಹೋಗುವ ಇಂಥ ಕಲೆಗೆ ನಮ್ಮ ನಗರಗಳು ಕಾನೂನಿನಲ್ಲಿ, ಬಜೆಟ್ಟಿನಲ್ಲಿ, ಬೀದಿಯಲ್ಲಿ ಜಾಗ ಬಿಡಬೇಕು. ನಗರಾಡಳಿತವನ್ನು ಟೀಕಿಸುವ ಕೃತಿಗೂ ಬಿಡಬೇಕು.

ಬಂದು ಮರೆಯಾಗುವ ಕಲೆ ಕನ್ನಡಿಗರಿಗೆ ಹೊಸದೇನಲ್ಲ. ಬೆಳಗಾಗೆದ್ದು ಸಾರಿಸಿ ಹಾಕಿದ ರಂಗೋಲಿ ಮಧ್ಯಾಹ್ನದ ಹೊತ್ತಿಗೆ ಚಕ್ರಕ್ಕೆ, ಕಾಲಿಗೆ ಸಿಕ್ಕಿ ಅಳಿಸಿರುತ್ತದೆ. ಅಳಿಸಿತೆಂದು ಯಾರೂ ಗೋಳಾಡುವುದಿಲ್ಲ, ನಾಳೆ ಇನ್ನೊಂದು ಬರುತ್ತದೆ. ಮಣ್ಣಿನ ಗಣಪನನ್ನು ನೀರಿಗೆ ಬಿಡುವುದೂ ಅದೇ ಮನಸ್ಸಿನಿಂದ. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡದವರು ನಾಟಕವನ್ನು ರಂಗಮಂದಿರದಿಂದ ಹೊರಗೆ ತಂದು, ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ಜನರನ್ನು ಸುತ್ತ ನಿಲ್ಲಿಸಿಕೊಂಡು ಆಡಿದರು. ನಡೆದುಹೋಗುವವನು ಪ್ರೇಕ್ಷಕನಾಗುವ ಪರಿ ಈ ನಾಡಿಗೆ ಚೆನ್ನಾಗಿಯೇ ಗೊತ್ತು. ಅದನ್ನು ಯಾವುದೋ ದೊಡ್ಡ ದೇಶದಿಂದ ತರಿಸಿಕೊಳ್ಳಬೇಕಾಗಿಲ್ಲ.

ಬೆಂಗಳೂರಿನ ಆಡಳಿತ ಕಲೆಯನ್ನು ಬೀದಿಗೆ ತಂದೇ ಇಲ್ಲ ಎಂದರೆ ತಪ್ಪಾದೀತು. 2009ರ ಹೊತ್ತಿಗೆ ಪಾಲಿಕೆ ನಗರದ ಗೋಡೆಗಳಿಗೆ ಚಿತ್ರ ಬರೆಸಿತು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರ ಕೈಗೆ ಮತ್ತೆ ಕುಂಚ ಬಂತು. ಹಂಪಿಯ ಕಲ್ಲಿನ ರಥ, ಜೋಗ, ಕಾಡುಪ್ರಾಣಿಗಳು ಕಾಂಪೌಂಡಿನ ಉದ್ದಕ್ಕೂ ಮೂಡಿದವು. ಆ ಕೈಗಳಿಗೆ ದುಡಿಮೆ ಸಿಕ್ಕಿದ್ದು ನಿಜಕ್ಕೂ ಒಳ್ಳೆಯದಾಯಿತು. ಆದರೆ ಪೋಸ್ಟರ್ ಅಂಟಿಸದಂತೆ, ಮೂತ್ರ ಮಾಡದಂತೆ ಗೋಡೆಯನ್ನು ಕಾಯುವ ಕೆಲಸವೇ ಆ ಚಿತ್ರಗಳಿಗೆ ಮುಖ್ಯವಾಗಿಬಿಟ್ಟಿತು. ಗೋಡೆಯ ಮೇಲಿನ ಜೋಗ ಆ ಬೀದಿಯ ಬಗ್ಗೆ ಏನನ್ನೂ ಕೇಳುವುದಿಲ್ಲ. ಎರಡು ಮಳೆಗಾಲ ಕಳೆದರೆ ಬಣ್ಣ ಎದ್ದುಬರುತ್ತದೆ, ಅದರ ಎದುರು ಓಡಾಡುವವರಿಗೆ ಅದು ಕಾಣುವುದೂ ನಿಲ್ಲುತ್ತದೆ.

ಪೀಣ್ಯದಲ್ಲಿ ನಡೆದದ್ದು ಬೇರೆ. 2014ರ ಮಾರ್ಚ್‌ನಲ್ಲಿ ಅಲ್ಲಿಗೆ ಮೆಟ್ರೊ ಬಂತು. ಅದೇ ವರ್ಷ ಸೃಷ್ಟಿ ಕಲಾ ಮತ್ತು ವಿನ್ಯಾಸ ಸಂಸ್ಥೆಯವರು ಮೆಟ್ರೊ ನಿಗಮದ ಜೊತೆ ಸೇರಿ ‘ಆರ್ಟ್ ಇನ್ ಟ್ರಾನ್ಸಿಟ್’ ಎಂಬ ಯೋಜನೆ ಶುರುಮಾಡಿದರು. ವಿದ್ಯಾರ್ಥಿಗಳು ಕಾಲೇಜಿನಲ್ಲಿ ಮಾಡಿದ್ದನ್ನು ಇಲ್ಲಿಗೆ ತಂದು ಅಂಟಿಸಲಿಲ್ಲ, ನಿಲ್ದಾಣವನ್ನೇ ಸ್ಟುಡಿಯೊ ಮಾಡಿಕೊಂಡರು. ಕಾರ್ಖಾನೆಗೆ ಹೋಗುವವರ, ಸುತ್ತಲ ನಿವಾಸಿಗಳ ಕಥೆ ಕೇಳಿದರು, ಆ ಕಥೆಗಳಿಂದ ಗೋಡೆ, ಕಂಬ, ಮೆಟ್ಟಿಲುಗಳು ತುಂಬಿದವು. ನಂತರ ಕಬ್ಬನ್ ಪಾರ್ಕ್ ನಿಲ್ದಾಣಕ್ಕೂ ಅದು ಹಬ್ಬಿತು. ಟಿಕೆಟ್ ತೆಗೆದು ರೈಲು ಹತ್ತಲು ಬಂದವರು ಎರಡು ನಿಮಿಷ ನಿಂತರೆ, ಆ ಎರಡು ನಿಮಿಷವೇ ಕಲಾವಿದರಿಗೆ ಸಿಕ್ಕ ಸಂಭಾವನೆ. ಸಿಮೆಂಟಿನ ಒಂದು ಖಾಲಿ ಕಟ್ಟಡ ಹೀಗೆ ಒಂದು ಊರಿನ ನಿಲ್ದಾಣವಾಯಿತು.

ಗೋಡೆಗೆ ಬಣ್ಣ ಬಳಿಯುವುದರಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಅರವಾಣಿ ಆರ್ಟ್ ಪ್ರಾಜೆಕ್ಟ್’ನಲ್ಲಿ ತೃತೀಯಲಿಂಗಿ ಮಹಿಳೆಯರೇ ಏಣಿ ಹತ್ತಿ ಬಣ್ಣ ಹಚ್ಚುತ್ತಾರೆ. ಸಿಗ್ನಲ್‌ನಲ್ಲಿ ಕಾರಿನ ಗಾಜು ಏರಿಸಿಕೊಂಡು ಮುಖ ತಿರುಗಿಸುತ್ತಿದ್ದ ಜನ, ಅದೇ ಮಹಿಳೆಯರು ಹಾಡುಹಗಲೇ ಗೋಡೆಯ ಮೇಲೆ ತಮ್ಮ ಮುಖ ಬರೆಯುವುದನ್ನು ನಿಂತು ನೋಡುತ್ತಾರೆ. ಚಿತ್ರ ಮುಗಿಯುವ ಹೊತ್ತಿಗೆ ಕೆಲವರು ಚಹಾ ತಂದುಕೊಟ್ಟು ಮಾತಿಗೆ ನಿಂತರೂ ನಿಂತಾರು. ಇಲ್ಲಿ ಕೃತಿಯೆಂದರೆ ಗೋಡೆಯಷ್ಟೇ ಅಲ್ಲ, ಆ ಗೋಡೆಯ ಮುಂದೆ ಕಳೆದ ಹಗಲುಗಳೂ ಹೌದು.

ಬೀದಿಯ ಕಲೆ ಎಂದ ಕೂಡಲೇ ಅದು ಒಳ್ಳೆಯದೇ ಆಗಿಬಿಡುತ್ತದೆ ಎಂದು ಈ ಕರಪತ್ರ ಹೇಳುತ್ತಿಲ್ಲ. ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ ನಡೆದದ್ದನ್ನು ಬೀದಿಗೆ ಕಲೆ ತರಬಯಸುವ ಪ್ರತಿಯೊಬ್ಬರೂ ತಿಳಿದಿರಬೇಕು. 1981ರಲ್ಲಿ ಅಲ್ಲಿನ ಸರ್ಕಾರಿ ಕಚೇರಿಗಳ ಮುಂದಿನ ಬಯಲಿನಲ್ಲಿ ಶಿಲ್ಪಿ ರಿಚರ್ಡ್ ಸೆರ್ರಾ ‘ಟಿಲ್ಟೆಡ್ ಆರ್ಕ್’ ನಿಲ್ಲಿಸಿದರು. ಅದು 120 ಅಡಿ ಉದ್ದ, 12 ಅಡಿ ಎತ್ತರದ, ತುಕ್ಕಿನ ಬಣ್ಣದ ವಾಲಿದ ಉಕ್ಕಿನ ಗೋಡೆ. ಕೆಲಸಕ್ಕೆ ಹೋಗಿಬರುವವರು ಇನ್ನು ಅದನ್ನು ಸುತ್ತುಹಾಕಿಯೇ ನಡೆಯಬೇಕಾಯಿತು. ನಡೆಯುವವರ ಎಚ್ಚರ ಕೆಣಕುವುದೇ ಸೆರ್ರಾ ಅವರ ಉದ್ದೇಶವಾಗಿತ್ತು. ಆ ಕಟ್ಟಡಗಳ ನೌಕರರು ಸಿಟ್ಟಿಗೆದ್ದರು. 1985ರಲ್ಲಿ ಸಾರ್ವಜನಿಕ ವಿಚಾರಣೆ ನಡೆದಾಗ 122 ಮಂದಿ ಉಳಿಸಿ ಎಂದರು, 58 ಮಂದಿ ತೆಗೆಯಿರಿ ಎಂದರು. ಆದರೂ 1989ರ ಮಾರ್ಚ್ 15ರ ರಾತ್ರಿ ಅದನ್ನು ತುಂಡರಿಸಿ ಸಾಗಿಸಿದರು. ಜಾಗ ಬಳಸುವವರನ್ನು ಮೊದಲೇ ಮಾತಿಗೆ ಕರೆಯದೆ, ಶಾಶ್ವತವಾಗಿ ಇರುವಂಥದ್ದನ್ನು ಅವರ ದಾರಿಗೆ ಅಡ್ಡ ನಿಲ್ಲಿಸಿದ್ದರ ಫಲ ಅದು. ಎಂಟು ವರ್ಷದ ಮೇಲೆ ಕಲಾವಿದನಿಗೂ ಅನ್ಯಾಯ, ನಡೆಯುವವರಿಗೂ ಬೇಸರ.

ಅದೇ ನಗರದಲ್ಲಿ 2005ರ ಫೆಬ್ರವರಿಯಲ್ಲಿ ಕಲಾವಿದ ಕ್ರಿಸ್ಟೊ ಮತ್ತು ಅವರ ಹೆಂಡತಿ ಜಾನ್-ಕ್ಲೋಡ್ ಸೆಂಟ್ರಲ್ ಪಾರ್ಕಿನ ಕಾಲುದಾರಿಗಳ ಮೇಲೆ 7,503 ತೋರಣಗಳನ್ನು ನಿಲ್ಲಿಸಿದರು. ಪ್ರತಿಯೊಂದರಿಂದಲೂ ಕೇಸರಿ ಬಣ್ಣದ ಬಟ್ಟೆ ಇಳಿಬಿದ್ದಿತ್ತು. ಸುಮಾರು 37 ಕಿಲೊಮೀಟರ್ ದಾರಿ. ಹದಿನಾರು ದಿನ ಲಕ್ಷಾಂತರ ಜನ ಅದರ ಕೆಳಗೆ ನಡೆದಾಡಿದರು, ಆಮೇಲೆ ಎಲ್ಲವನ್ನೂ ಬಿಚ್ಚಿ ಒಯ್ದರು. ಆ ಹದಿನಾರು ದಿನಕ್ಕೆ ಅನುಮತಿ ಸಿಗಲು ಹಿಡಿದದ್ದು ಎರಡು ದಶಕಕ್ಕೂ ಹೆಚ್ಚು. 1979ರಲ್ಲಿ ಯೋಚಿಸಿದ್ದಕ್ಕೆ 1981ರಲ್ಲಿ ನಿರಾಕರಣೆ, 2003ರಲ್ಲಿ ಒಪ್ಪಿಗೆ. ಅಷ್ಟು ದೊಡ್ಡ ಹೆಸರಿನ, ತಮ್ಮದೇ ಹಣ ಹಾಕಬಲ್ಲ ಕಲಾವಿದರಾದ್ದರಿಂದ ಕಾದರು. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಈಗಷ್ಟೇ ಪದವಿ ಮುಗಿಸಿದ ಹುಡುಗಿ ಎರಡು ತಿಂಗಳು ಕಾದರೆ ಹೆಚ್ಚು.

ಬೀದಿಯಲ್ಲಿನ ಆಟ ಆಡಳಿತದ ಕೆಲಸಕ್ಕೂ ಬಂದದ್ದುಂಟು. ಕೊಲಂಬಿಯಾದ ಬೊಗೊಟಾದಲ್ಲಿ 1995ರಿಂದ ಮೇಯರ್ ಆಗಿದ್ದ ಅಂತಾನಸ್ ಮೊಕ್ಕುಸ್ ಸಂಚಾರ ನಿಯಮ ಕಲಿಸಲು ಮೂಕಾಭಿನಯದ ಕಲಾವಿದರನ್ನು ರಸ್ತೆಗೆ ಇಳಿಸಿದರು. ಮೊದಲು ಇಪ್ಪತ್ತು ಮಂದಿ, ಜನ ಮೆಚ್ಚಿದ ಮೇಲೆ ಇನ್ನೂ ನಾನೂರು. ಝೀಬ್ರಾ ಪಟ್ಟೆಯ ಮೇಲೆ ಗಾಡಿ ನಿಲ್ಲಿಸಿದವನ ಮುಂದೆ ಬಿಳಿ ಬಣ್ಣ ಬಳಿದ ಮುಖವೊಂದು ಬಂದು ಸನ್ನೆಯಲ್ಲೇ ಬುದ್ಧಿ ಹೇಳುತ್ತಿತ್ತು. ದಂಡದ ರಸೀದಿಗಿಂತ ನಾಲ್ಕು ಜನರೆದುರಿನ ನಾಚಿಕೆ ಹೆಚ್ಚು ನಾಟುತ್ತದೆಂದು ಆ ಗಣಿತದ ಮೇಷ್ಟ್ರು ನಂಬಿದ್ದರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನ ದಟ್ಟಣೆಯಲ್ಲಿ ನಿಂತ ಯಾರಿಗಾದರೂ ಇದು ನಮ್ಮಲ್ಲೂ ಬೇಕೆನ್ನಿಸದೆ ಇರದು.

ಬೀದಿಯ ಕಲೆಗಿರುವ ಇನ್ನೊಂದು ಅಪಾಯ ಜಾಹೀರಾತಿನದು. 2009ರಲ್ಲಿ ಸ್ಟಾಕ್‌ಹೋಮ್‌ನ ಓಡನ್‌ಪ್ಲಾನ್ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳನ್ನು ಪಿಯಾನೊ ಮನೆಗಳಂತೆ ಮಾಡಿ, ಕಾಲಿಟ್ಟರೆ ಸ್ವರ ಹೊಮ್ಮುವಂತೆ ಕೂಡಿಸಿದ್ದರು. ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತುವವರು ಶೇ. 66ರಷ್ಟು ಹೆಚ್ಚಾದರೆಂದು ಲೆಕ್ಕ ಕೊಟ್ಟರು. ಮಕ್ಕಳು, ಮುದುಕರು, ನಾಯಿ ಹಿಡಿದು ಬಂದವರು ಎಲ್ಲರೂ ಹತ್ತಿಳಿದು ಖುಷಿಪಟ್ಟರು. ಆದರೆ ಅದನ್ನು ಮಾಡಿಸಿದ್ದು ಫೋಕ್ಸ್‌ವ್ಯಾಗನ್ ಎಂಬ ಕಾರು ಕಂಪನಿ, ತನ್ನ ಪ್ರಚಾರಕ್ಕೆ. ಇಂಥದ್ದು ನಮ್ಮ ಬೀದಿಗೆ ಬಂದರೆ ನಗರ ಅದನ್ನು ಜಾಹೀರಾತೆಂದೇ ಕರೆದು ಜಾಹೀರಾತಿನ ಶುಲ್ಕ ಕಟ್ಟಿಸಿಕೊಳ್ಳಲಿ. ಕಲೆಗೆಂದು ಮೀಸಲಿಟ್ಟ ಜಾಗ ಅದರ ಪಾಲಾಗಕೂಡದು. ಫ್ಲೆಕ್ಸ್ ಎಂಬ ಪಿಡುಗು ಹೇಗೆ ಊರನ್ನೇ ಮುಚ್ಚಿತ್ತು, 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲಷ್ಟೇ ಅದು ಹೇಗೆ ರಾತ್ರೋರಾತ್ರಿ ಇಳಿಯಿತು ಎಂಬುದನ್ನು ಬೆಂಗಳೂರಿಗರು ಮರೆತಿಲ್ಲ. ನಾಯಕರ ಹುಟ್ಟುಹಬ್ಬಕ್ಕೆ ಅಷ್ಟು ವರ್ಷ ಕಂಬ ಕಂಬದಲ್ಲೂ ಜಾಗವಿದ್ದ ನಗರದಲ್ಲಿ ಕಲೆಗೆ ಜಾಗವಿಲ್ಲ ಎನ್ನುವುದು ಒಪ್ಪುವ ಮಾತಲ್ಲ.

ಈಗ ಕಾನೂನು. ಕರ್ನಾಟಕದಲ್ಲಿ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾಹೀರಾತು ಹಚ್ಚುವುದು, ನಿಲ್ಲಿಸುವುದು ಅದರ ಪ್ರಕಾರ ಅಪರಾಧ. ಆ ಕಾಯ್ದೆ ಬೇಕು, ಇರಲಿ. ಆದರೆ ಹತ್ತು ದಿನ ಇಟ್ಟು ತೆಗೆಯುವ ಕಲಾಕೃತಿಗೆ ಒಂದೇ ಕಡೆ ಅರ್ಜಿ ಕೊಟ್ಟು ಒಂದೇ ಕಡೆ ಉತ್ತರ ಪಡೆಯುವ ದಾರಿಯೂ ಬೇಕು. ಇಂದು ಕಲಾವಿದರು ಪಾಲಿಕೆಗೆ, ಸಂಚಾರ ಪೊಲೀಸರಿಗೆ, ದೀಪ ಬೇಕಿದ್ದರೆ ವಿದ್ಯುತ್ ಕಂಪನಿ ಬೆಸ್ಕಾಂಗೆ ಬೇರೆ ಬೇರೆಯಾಗಿ ಅಲೆಯಬೇಕು. ಅಷ್ಟು ಅಲೆದಾಟ ಬೇಡವೆಂದು ಹಲವರು ರಾತ್ರಿ ಹೊತ್ತಲ್ಲಿ ಅನುಮತಿಯಿಲ್ಲದೆ ಮಾಡಿ ಮುಗಿಸುತ್ತಾರೆ. 2025ರ ಸೆಪ್ಟೆಂಬರಿನಿಂದ ಬೆಂಗಳೂರು ಐದು ನಗರ ಪಾಲಿಕೆಗಳಾಗಿ ಹಂಚಿಹೋಗಿದೆ. ಹೊಸ ಕಚೇರಿಗಳು, ಹೊಸ ನಿಯಮಾವಳಿಗಳು ರೂಪುಗೊಳ್ಳುವ ಹೊತ್ತಿನಲ್ಲೇ ಇದನ್ನು ಸೇರಿಸುವುದು ಸುಲಭ. ಅರ್ಜಿ ಕೊಟ್ಟ ಹದಿನೈದು ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಮೂವತ್ತು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ತೆಗೆದು ಜಾಗ ಮೊದಲಿನಂತೆ ಮಾಡುವ ಹೊಣೆ ಇಟ್ಟವರದೇ. ಮೈಸೂರು, ಮಂಗಳೂರು, ಬೆಳಗಾವಿಯ ಪಾಲಿಕೆಗಳೂ ಇದೇ ನಿಯಮ ತರಲಿ.

ಅಡ್ಡಿ ಎತ್ತುವವರ ಮಾತೂ ಹಗುರವಲ್ಲ. ನಮ್ಮ ಫುಟ್‌ಪಾತ್‌ಗಳೇ ನಡೆಯಲು ಸಾಲದು. ಹಾಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಕನಿಷ್ಠ 1.8 ಮೀಟರ್ ಅಗಲದ ಅಡೆತಡೆಯಿಲ್ಲದ ದಾರಿ ಬಿಟ್ಟ ಮೇಲಷ್ಟೇ ಕೃತಿಗೆ ಜಾಗ. ಕೋಲು ಹಿಡಿದು ನಡೆಯುವ ಕುರುಡರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಅದು ತಾಗಬಾರದು. ಬೀದಿಬದಿ ವ್ಯಾಪಾರಿಯನ್ನು ಎಬ್ಬಿಸಿ ಅಲ್ಲಿ ಕಲೆ ನಿಲ್ಲಿಸಕೂಡದು. ವಾಹನ ಓಡುವ ಜಾಗದಲ್ಲಿ ಏನಾದರೂ ಮಾಡುವುದಿದ್ದರೆ ಸಂಚಾರ ಪೊಲೀಸರ ಸಮ್ಮುಖದಲ್ಲಿ, ನಿಗದಿತ ಗಂಟೆಗಳಲ್ಲಿ ಮಾತ್ರ. ರಸ್ತೆ ಮುಚ್ಚಿದರೆ ನಗರ ಕುಸಿಯುವುದಿಲ್ಲ ಎಂಬುದನ್ನು ಚಿತ್ರಸಂತೆ 2003ರಿಂದ ತೋರಿಸುತ್ತ ಬಂದಿದೆ. ವರ್ಷಕ್ಕೊಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲುತ್ತದೆ, ಕಲಾವಿದರು ಸಾಲಾಗಿ ಕೂರುತ್ತಾರೆ, ಲಕ್ಷಗಟ್ಟಲೆ ಜನ ನಡೆದು ನೋಡುತ್ತಾರೆ.

“ಮೊದಲು ಗುಂಡಿ ಮುಚ್ಚಲಿ, ಕಲೆ ಆಮೇಲೆ” ಎನ್ನುವವರಿಗೆ ಸುಲ್ತಾನ್‌ಪಾಳ್ಯದ ನಿವಾಸಿಗಳೇ ಉತ್ತರ ಕೊಡಬಲ್ಲರು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಯಾವ ಕೃತಿ ಇರಬೇಕು ಎಂದು ಯಾರು ಹೇಳುವುದು? ದ್ವೇಷ ಹರಡುವುದಕ್ಕೆ, ಅಶ್ಲೀಲಕ್ಕೆ ಈಗಾಗಲೇ ಕಾನೂನಿದೆ. ಅದರಾಚೆ ಅಧಿಕಾರಿಗಳ ಕೈಗೆ ಕತ್ತರಿ ಕೊಡಬಾರದು. ಅನುಮತಿ ಕೊಡುವವರು ಅಳತೆ, ಭಾರ, ಬೆಂಕಿಯ ಅಪಾಯ, ಓಡಾಟದ ದಾರಿ ಇಷ್ಟನ್ನೇ ನೋಡಲಿ. ವಿಷಯವನ್ನು ನೋಡುವಂತಾದರೆ ಮೊಸಳೆ ಎಂದೂ ಬೀದಿಗೆ ಇಳಿಯುವುದಿಲ್ಲ. ಜಾಗದ ಬಗ್ಗೆ ಮಾತ್ರ ಅಲ್ಲಿನ ಅಂಗಡಿಯವರು, ಆಟೊ ನಿಲ್ದಾಣದವರು, ನಿವಾಸಿಗಳನ್ನು ಕೇಳಲೇಬೇಕು. ಫೆಡರಲ್ ಪ್ಲಾಜಾದಲ್ಲಿ ತಡವಾಗಿ ಕೇಳಿದ್ದನ್ನು ಇಲ್ಲಿ ಮೊದಲೇ ಕೇಳಲಿ.

ಮತ್ತೆ ಹಣ. ಬಾದಲ್ ಅವರಂಥವರು ಕೈಯಿಂದ ಖರ್ಚು ಮಾಡಿದರೆಂದು ಎಲ್ಲರೂ ಹಾಗೇ ಮಾಡಲಿ ಎನ್ನುವುದು ಕ್ರೂರ. ಪ್ರತಿ ಪಾಲಿಕೆ ತನ್ನ ಬಜೆಟ್ಟಿನಲ್ಲಿ ಸಣ್ಣದೊಂದು ಮೊತ್ತ ತೆಗೆದಿಡಲಿ. ಸಾಮಗ್ರಿಯ ಖರ್ಚಿನ ಜೊತೆಗೆ ಕಲಾವಿದರ ಕೂಲಿಯೂ ಅದರಲ್ಲಿರಲಿ. ಅದರಲ್ಲೊಂದು ಪಾಲು ಕಲಾಶಾಲೆಯ ವಿದ್ಯಾರ್ಥಿಗಳಿಗೆ, ಒಂದು ಪಾಲು ಬ್ಯಾನರ್ ಬರೆಯುವವರು, ಕುಂಬಾರರು, ಬಿದಿರು ಹೆಣೆಯುವವರಂಥ ಕೈಕೆಲಸದವರಿಗೆ ಹೋಗಲಿ.

ಈ ಹಾಳೆಯ ಹಿಂಬದಿಯನ್ನು ಖಾಲಿ ಬಿಡಲಾಗಿದೆ. ಓದಿದವರು ತಮ್ಮ ಬೀದಿಯಲ್ಲಿ ದಿನವೂ ಹಾದುಹೋಗುವ, ಯಾರೂ ನಿಂತು ನೋಡದ ಒಂದು ಜಾಗದ ಹೆಸರು ಅಲ್ಲಿ ಬರೆಯಲಿ. ಮೇಲ್ಸೇತುವೆಯ ಕೆಳಗಿನ ಕತ್ತಲು, ಬಸ್ ತಂಗುದಾಣದ ಹಿಂದಿನ ಗೋಡೆ, ಬತ್ತಿದ ಕಾರಂಜಿ, ಯಾವುದಾದರೂ ಸರಿ. ಬರೆದದ್ದನ್ನು ಮುಂದಿನ ವಾರ್ಡ್ ಸಮಿತಿ ಸಭೆಗೆ ಒಯ್ದು ಕೊಡಲಿ, ಕೊಟ್ಟಿದ್ದಕ್ಕೆ ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬರಲಿ.