ಗಾಳ ಕಸಿದುಕೊಳ್ಳಬೇಡಿ, ಜೊತೆಗೆ ಹೋಗಿ

"ಹೊಳಿ ಕಡೆ ಹೋದ್ರ ಕಾಲು ಮುರೀತೀನಿ!" ನಿಡಗುಂದಿ ಸುತ್ತಿನ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಮಾತಿದು. ಈ ಮಾತು ಮಕ್ಕಳನ್ನು ಕಾಯುವುದಿಲ್ಲ ಎನ್ನುತ್ತೇವೆ ನಾವು. ಬೈಸಿಕೊಂಡ ಹುಡುಗ ಹೊಳೆ ಬಿಡುವುದಿಲ್ಲ, ಹೇಳದೇ ಹೋಗುತ್ತಾನೆ. ಅಪಾಯ ಇರುವುದೇ ಅಲ್ಲಿ.

ಆಲಮಟ್ಟಿ ಜಲಾಶಯ 519.60 ಮೀಟರ್‌ವರೆಗೆ ತುಂಬಿದರೆ 123 ಟಿಎಂಸಿ ನೀರು. ಅದರಡಿ ಹಿಂದೆ ಊರು, ಹೊಲ ಇದ್ದವು. ಹಳೇ ಬಾವಿ, ಹಳ್ಳ ಎಲ್ಲಿದ್ದವು ಎಂಬುದು ಅಜ್ಜನಿಗೆ ಗೊತ್ತು, ಮೊಮ್ಮಗನಿಗೆ ಗೊತ್ತಿಲ್ಲ. ಹಾಗಾದರೆ ಇಬ್ಬರೂ ಕೂಡಿ ಗಾಳ ಹಾಕಲಿ. ಅವ್ವ, ಮಗಳೂ ಬರಲಿ. ಇದೇನು ಗಂಡುಹುಡುಗರ ಗುತ್ತಿಗೆಯಲ್ಲ.

ಖರ್ಚೇನು ಮಹಾ? ಬಿದಿರಿನ ಕೋಲು, ದಾರ, ಸಣ್ಣ ಕೊಕ್ಕೆ, ತೇಲಲು ಬೆಂಡು, ಎರೆಹುಳು ಇಲ್ಲವೇ ಹಿಟ್ಟಿನ ಉಂಡೆ. ಮೊದಲ ದಿನ ಒಂದು ಜಿಲೇಬಿ ಮೀನು ಸಿಕ್ಕರೂ ಹಬ್ಬವೇ.

ಕಟ್ಟುನಿಟ್ಟು ಮಾತ್ರ ಬೇಕು. ಮೊದಲು ಈಜು, ಆಮೇಲೆ ಗಾಳ. ಅಣೆಕಟ್ಟಿನ ಕೆಳಗಿನ ಹೊಳೆಗೆ ಇಳಿಯಲೇಬಾರದು: ಅಲ್ಲಿ 26 ಗೇಟುಗಳಿವೆ, ತೆಗೆದರೆ ನೀರು ದಿಢೀರನೆ ಏರುತ್ತದೆ. ಕೆಸರಿನ ದಂಡೆ ಬೇಡ. ಎಲ್ಲಿ ಹಿಡಿಯಬಹುದೆಂದು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಳ್ಳಿ. ಮೀನು ಮಾರಿ ಹೊಟ್ಟೆ ಹೊರೆಯುವವರ ಬಲೆ ಮುಟ್ಟಬೇಡಿ.

"ಓದು ಕೆಡ್ತೈತಿ" ಅನ್ನುವವರೇ, ರವಿವಾರ ಮೊಬೈಲ್ ಹಿಡಿದು ಕೂತ ಮಗು ಯಾವ ಪಾಠ ಓದುತ್ತಿತ್ತು? ನೀರಿನ ಆಳ, ಗಾಳಿಯ ದಿಕ್ಕು, ಕಾಯುವ ತಾಳ್ಮೆ ದಂಡೆಯ ಮೇಲೆ ತಾನೇ ಬರುತ್ತವೆ.

ನೀರಂತೂ ನಮ್ಮೂರು ಬಿಟ್ಟು ಹೋಗುವುದಿಲ್ಲ. ಮಕ್ಕಳಿಗೆ ಅದರ ಪರಿಚಯ ನಾವೇ ಮಾಡಿಸೋಣ. ಇಲ್ಲದಿದ್ದರೆ ಅವರು ಒಬ್ಬರೇ ಹೋಗಿ ಮಾಡಿಕೊಳ್ಳುತ್ತಾರೆ.