ಹಳೆ ಕಾರಿನ ಬೆಲೆ ಎಲ್ಲರ ಎದುರು ಕೂಗಬೇಕು: ಆನ್‌ಲೈನ್ ಹರಾಜಿನ ವಿರೋಧಿಗಳಿಗೆ ಉತ್ತರ

ಕೋಲಾರ ಚಿನ್ನದ ಗಣಿ ಸೀಮೆಯ ಮಾರಿಕುಪ್ಪಂನ ಯಾವುದೋ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಒಂದು ಹಳೆ ಕಾರನ್ನು ಮಾರಲು ಹೊರಟವರಿಗೆ ಇವತ್ತು ಎರಡು ದಾರಿಗಳಿವೆ. ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಇರುವ ಬ್ರೋಕರನ್ನು ಕರೆಸಿ, ಅವನು ಹೇಳಿದ ಬೆಲೆಗೆ ಕೈಮುಗಿಯುವುದು ಒಂದು. ಕಾರಿನ ಫೋಟೊ, ದಾಖಲೆ, ದೋಷಗಳನ್ನೆಲ್ಲ ಬಹಿರಂಗವಾಗಿಟ್ಟು, ದೇಶದ ಯಾವ ಮೂಲೆಯವರಾದರೂ ಕೂಗಬಹುದಾದ ಆನ್‌ಲೈನ್ ಹರಾಜಿಗೆ ಬಿಡುವುದು ಇನ್ನೊಂದು. ಎರಡನೆಯದು ಮೋಸ, ಮೋಜು, ಊರಿಗೆ ದ್ರೋಹ ಎಂದು ಹಲವರು ಹೇಳುತ್ತಿದ್ದಾರೆ. ಮಾರುವವನ ಹಿತಕ್ಕೂ ಕಾರಿನ ಉಳಿವಿಗೂ ಎರಡನೆಯದೇ ಸರಿ ಎನ್ನುವುದು ನನ್ನ ಪಕ್ಷ. ಅವರ ವಾದಗಳನ್ನು ಒಂದೊಂದಾಗಿ ಓದುಗರ ಮುಂದಿಡುತ್ತೇನೆ, ತೀರ್ಪು ನಿಮ್ಮದು.

ಮೊದಲ ವಾದ: ಹಳೆ ಕಾರನ್ನು ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ಕೊಳ್ಳಬೇಕು, ಫೋಟೊ ಸುಳ್ಳು ಹೇಳುತ್ತದೆ. ಫೋಟೊ ಸುಳ್ಳು ಹೇಳಬಲ್ಲದು, ನಿಜ. ಆದರೆ ಇದನ್ನು ಹೇಳುವವರು ಬೆಂಗಳೂರಿನ ಗಿರಾಕಿಗೆ ಕಾರು ತೋರಿಸುವುದು ಹೇಗೆ? ವಾಟ್ಸಾಪಿನಲ್ಲಿ ನಾಲ್ಕು ಫೋಟೊ ಕಳಿಸಿ, ಟೋಕನ್ ಅಡ್ವಾನ್ಸ್ ಹಾಕಿಸಿಕೊಂಡು. ನಾಲ್ಕು ಫೋಟೊ ನಂಬಬಹುದಾದರೆ ನೂರು ಫೋಟೊ ಯಾಕೆ ನಂಬಬಾರದು? ಅಮೆರಿಕದ ಬ್ರಿಂಗ್ ಎ ಟ್ರೈಲರ್‌ನಂಥ ಹರಾಜು ತಾಣದಲ್ಲಿ ಕಾರಿನ ಅಡಿಭಾಗದ ಚಿತ್ರ, ತಣ್ಣಗಿದ್ದ ಎಂಜಿನ್ನನ್ನು ಸ್ಟಾರ್ಟ್ ಮಾಡುವ ವಿಡಿಯೊ, ಹಳೆಯ ರಿಪೇರಿ ಬಿಲ್ಲುಗಳು ಎಲ್ಲವನ್ನೂ ಜನ ಎದುರುನೋಡುತ್ತಾರೆ. ಯಾರು ಬೇಕಾದರೂ ಪ್ರಶ್ನೆ ಹಾಕಬಹುದು. ಮಾರುವವನು ಉತ್ತರಿಸಿದರೆ ಎಲ್ಲರಿಗೂ ಕಾಣುತ್ತದೆ, ಉತ್ತರಿಸದಿದ್ದರೆ ಆ ಮೌನವೂ ಎಲ್ಲರಿಗೂ ಕಾಣುತ್ತದೆ.

ಇನ್ನು ಕೈಯಿಂದ ಮುಟ್ಟುವ ಮಾತು. ಹಳೆ ಫಿಯೆಟ್ಟಿನ ಹಿಂಚಕ್ರದ ಮೇಲಿನ ಕಮಾನಿಗೆ ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟು ನೋಡಿ. ತಗಡು ತಗಡಾಗಿಯೇ ಉಳಿದಿದ್ದರೆ ಅದು ಗಟ್ಟಿಯಾಗಿ ಹಿಡಿಯುತ್ತದೆ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ, ಟಿಂಕರಿಂಗ್ ಮುಚ್ಚಿ, ಮೇಲೆ ಹೊಳೆಯುವ ಪೇಂಟ್ ಹೊಡೆದಿದ್ದರೆ ಜಾರಿ ಕೆಳಗೆ ಬೀಳುತ್ತದೆ. ಅಂಗೈಯಿಂದ ಸವರಿದವನಿಗೆ ಇದು ತಿಳಿಯುವುದಿಲ್ಲ, ಅಯಸ್ಕಾಂತ ಜಾರುವುದನ್ನು ವಿಡಿಯೊದಲ್ಲಿ ನೋಡಿದವನಿಗೆ ತಿಳಿಯುತ್ತದೆ. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಹೊರತಂದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರಿಗೆ ಈ ಪರೀಕ್ಷೆಯೂ ಸಾಲದು. ಅದರ ಮೈ ಫೈಬರಿನದು, ತುಕ್ಕು ಹಿಡಿಯುವುದೇ ಇಲ್ಲ. ನೋಡಬೇಕಾದ್ದು ಅಡಿಯ ಲೋಹದ ಚೌಕಟ್ಟನ್ನು, ರೆನೋದಿಂದ ಬಂದ 1149 ಸಿಸಿ ಎಂಜಿನ್ನಿನ ಬಿಡಿಭಾಗಗಳು ಮೂಲದವೇ ಎಂಬುದನ್ನು. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ಮಾಡಿದ, ರ‍್ಯಾಲಿಗಳಲ್ಲಿ ಹೆಸರು ಮಾಡಿದ ಡಾಲ್ಫಿನ್ ಕಾರೂ ಫೈಬರಿನದೇ. ಈ ಎರಡು ಕಾರುಗಳನ್ನು ಬಲ್ಲವರು ಒಂದೇ ಊರಲ್ಲಿಲ್ಲ. ಕೊಯಮತ್ತೂರಿನಲ್ಲೊಬ್ಬ, ಪುಣೆಯಲ್ಲೊಬ್ಬ ಇದ್ದಾರು. ಅವರೆಲ್ಲ ಒಂದೇ ಕಾರಿನ ಚಿತ್ರಗಳ ಮೇಲೆ ಕಣ್ಣು ನೆಟ್ಟು ಪ್ರಶ್ನೆ ಕೇಳುವುದು ಬಹಿರಂಗ ಹರಾಜಿನಲ್ಲಿ ಮಾತ್ರ ಸಾಧ್ಯ.

ಎರಡನೆಯ ವಾದ: ಬ್ರೋಕರ್ ನಮ್ಮ ಊರಿನವನು, ನಾಳೆಯೂ ಸಿಗುತ್ತಾನೆ, ಹರಾಜಿನಲ್ಲಿ ಕೊಂಡವನು ಯಾರೋ ಎಲ್ಲಿಯವನೋ. ಇದು ಕೇಳಲು ಬಹಳ ಆಪ್ತವಾಗಿದೆ. ಅದಕ್ಕೇ ಇದನ್ನು ಬಿಚ್ಚಿ ನೋಡಬೇಕು. ಬ್ರೋಕರ್ ಕಾರು ಒಯ್ಯುವ ದಿನ ಮಾರುವವನ ಮುಂದೆ ಇಡುವುದು ಫಾರಂ 29 ಮತ್ತು ಫಾರಂ 30. ಮಾಲೀಕತ್ವ ವರ್ಗಾವಣೆಯ ಆ ಅರ್ಜಿಗಳಲ್ಲಿ ಕೊಳ್ಳುವವನ ಹೆಸರು ಬರೆಯುವ ಜಾಗ ಖಾಲಿ, ತಾರೀಖು ಖಾಲಿ. "ಅಣ್ಣಾ, ಸೈನ್ ಒಂದು ಹಾಕಿಬಿಡಿ, ಮಿಕ್ಕಿದ್ದು ನಾವು ನೋಡ್ಕೊತೀವಿ." ಸಹಿ ಬೀಳುತ್ತದೆ, ಆರ್‌ಸಿ ಕೈ ದಾಟುತ್ತದೆ. ಆ ಕಾರು ಬ್ರೋಕರಿನ ಹೆಸರಿಗೆ ಎಂದೂ ಬರುವುದಿಲ್ಲ. ಮುಂದಿನ ಗಿರಾಕಿ ಸಿಕ್ಕಾಗ ಖಾಲಿ ಜಾಗ ತುಂಬುತ್ತಾರೆ. ಸಿಗುವವರೆಗೆ, ಒಮ್ಮೊಮ್ಮೆ ಸಿಕ್ಕ ಮೇಲೂ ವರ್ಷಗಟ್ಟಲೆ, ಆರ್‌ಟಿಒ ದಾಖಲೆಯಲ್ಲಿ ಮಾಲೀಕ ನೀವೇ.

ಇದರ ಪರಿಣಾಮವನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗಿತ್ತು, ನೋಂದಣಿ ಮಾತ್ರ ಮೊದಲಿನವನ ಹೆಸರಲ್ಲೇ ಉಳಿದಿತ್ತು. ಅಪಘಾತವಾಯಿತು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾಲೀಕನೆಂದರೆ ನೋಂದಾಯಿತ ಮಾಲೀಕ, ಆದ್ದರಿಂದ ಪರಿಹಾರದ ಹೊಣೆಯೂ ಅವನದೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಈಗ ಹೇಳಿ, ನಾಳೆಯೂ ಸಿಗುವ ನಮ್ಮ ಊರಿನವನ ಹೆಸರು ಯಾವ ಕಾಗದದಲ್ಲಿದೆ? ಕೋರ್ಟಿನ ನೋಟಿಸ್ ಬರುವ ದಿನ ಅವನು ಊರಿನಲ್ಲೇ ಇರಬಹುದು, ಪ್ರಕರಣದಲ್ಲಿ ಮಾತ್ರ ಇರುವುದಿಲ್ಲ. ಹರಾಜಿನಲ್ಲಿ ಗೆದ್ದವನ ಹೆಸರು, ಹಣ ಬಂದ ಬ್ಯಾಂಕ್ ಖಾತೆ, ಬೆಲೆ, ದಿನ ಎಲ್ಲವೂ ದಾಖಲಾಗಿರುತ್ತವೆ. ಕಾಯ್ದೆಯ 50ನೇ ಕಲಮಿನಂತೆ ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನದಲ್ಲಿ, ಹೊರರಾಜ್ಯಕ್ಕೆ ಹೋದರೆ 45 ದಿನದಲ್ಲಿ ತಿಳಿಸಬೇಕು. ಕೊಂಡವನು ಯಾರೆಂದು ಮೊದಲ ದಿನವೇ ಗೊತ್ತಿದ್ದವನು ಮಾತ್ರ ಆ ಫಾರಂ ತುಂಬಬಲ್ಲ. ಖಾಲಿ ಫಾರಂಗೆ ಸಹಿ ಹಾಕಿದವನು ಏನೆಂದು ಬರೆದುಕೊಡುತ್ತಾನೆ?

ಈ ವಾದದ ಜೊತೆಗೇ ಬರುವ ಉಪವಾದವೊಂದಿದೆ: ಹರಾಜೆಂದರೆ 'ಇದ್ದದ್ದು ಇದ್ದಂತೆ, ಇದ್ದಲ್ಲಿಯೇ', ಕೊಂಡ ಮೇಲೆ ಕೇಳುವಂತಿಲ್ಲ. ಇಲ್ಲಿ ಎರಡು ಬೇರೆ ಬೇರೆ ಹರಾಜುಗಳನ್ನು ಕಲಸಿದ್ದಾರೆ. ಸರ್ಕಾರಿ ಹರಾಜು ಸಂಸ್ಥೆ ಎಂಎಸ್‌ಟಿಸಿಯ ಮೂಲಕ ಸರ್ಕಾರಿ ಇಲಾಖೆಗಳು ಹಳೆ ಜೀಪುಗಳನ್ನು ವಿಲೇವಾರಿ ಮಾಡುವುದು, ಬ್ಯಾಂಕುಗಳು ಜಪ್ತಿ ಮಾಡಿದ ವಾಹನ ಮಾರುವುದು ಆ ಷರತ್ತಿನ ಮೇಲೆ. ಸಂಗ್ರಹಕಾರರ ಹರಾಜು ನಡೆಯುವುದು ವಿವರಣೆಯ ಮೇಲೆ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮು, ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕು ಎನ್ನುತ್ತದೆ. 'ಮೂಲ ಎಂಜಿನ್' ಎಂದು ಬರೆದುಕೊಟ್ಟವನನ್ನು ಆ ಬರಹದ ಮೇಲೆ ಹಿಡಿಯಬಹುದು. ಟೀ ಅಂಗಡಿಯಲ್ಲಿ ನಿಂತು 'ಎಲ್ಲಾ ಒರಿಜಿನಲ್ ಸಾರ್' ಎಂದವನನ್ನು ಯಾವುದರ ಮೇಲೆ ಹಿಡಿಯುತ್ತೀರಿ?

ಮೂರನೆಯದು: ಆನ್‌ಲೈನ್ ಹರಾಜಿನಿಂದ ಬೆಲೆ ಗಗನಕ್ಕೇರಿ ಸ್ಥಳೀಯ ಹವ್ಯಾಸಿಗೆ ಎಟುಕದಂತಾಯಿತು. ಜಗತ್ತಿನ ಅತಿ ದುಬಾರಿ ಕಾರು ಮಾರಾಟವಾದದ್ದು ಎಲ್ಲಿ ಎಂದು ಮೊದಲು ನೋಡೋಣ. 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆ 2022ರ ಮೇ ತಿಂಗಳಲ್ಲಿ 13.5 ಕೋಟಿ ಯೂರೊಗೆ ಹೋಯಿತು. ಮಾರಾಟ ನಡೆದದ್ದು ಸ್ಟುಟ್‌ಗಾರ್ಟಿನ ಮರ್ಸಿಡಿಸ್ ವಸ್ತುಸಂಗ್ರಹಾಲಯದೊಳಗೆ, ಆಹ್ವಾನವಿದ್ದವರಿಗೆ ಮಾತ್ರ. ಫೆರಾರಿ 250 ಜಿಟಿಒ 2018ರಲ್ಲಿ 4.84 ಕೋಟಿ ಡಾಲರ್ ತಂದದ್ದು ಮಾಂಟೆರೆಯ ಹರಾಜು ಸಭಾಂಗಣದಲ್ಲಿ, ಸುತ್ತಿಗೆಯ ಪೆಟ್ಟಿಗೆ. ದಾಖಲೆ ಬೆಲೆಗಳೆಲ್ಲ ಸಭಾಂಗಣದಲ್ಲೋ ಮುಚ್ಚಿದ ಬಾಗಿಲ ಹಿಂದೋ ಹುಟ್ಟಿರುವಾಗ ದೂರು ಆನ್‌ಲೈನ್ ಹರಾಜಿನ ಮೇಲೆ ಯಾಕೆ?

ಅದಕ್ಕಿಂತ ದೊಡ್ಡ ವಿರೋಧಾಭಾಸ ನಮ್ಮ ಕಡೆಯೇ ಇದೆ. ಮಾರಿಕುಪ್ಪಂನ ಮಾಲೀಕನಿಗೆ "ಈ ಕಾರಿಗೆ ಇಲ್ಲಿ ಬೆಲೆಯೇ ಇಲ್ಲ, ಗುಜರಿಗೆ ಹಾಕೋದೇ" ಎನ್ನುವವರೂ, ಹರಾಜಿನಲ್ಲಿ ಬೆಲೆ ವಿಪರೀತ ಏರುತ್ತದೆ ಎನ್ನುವವರೂ ಒಬ್ಬರೇ. ಎರಡೂ ನಿಜವಾಗಲು ಸಾಧ್ಯವಿಲ್ಲ. ಬೆಲೆಯೇ ಇಲ್ಲದ ವಸ್ತುವಿನ ಬೆಲೆ ಹರಾಜಿನಲ್ಲಿ ಏರುವುದಾದರೆ, ಮೊದಲು ಹೇಳಿದ್ದು ಸುಳ್ಳು ಎಂದಾಯಿತು. ಏರಿದ ಆ ಬೆಲೆ ಬೆಂಗಳೂರಿನಲ್ಲಿ ಮೊದಲೂ ಇತ್ತು. ನೂರು ಕಿಲೋಮೀಟರ್ ದೂರದಲ್ಲಿ, ದಿನಾ ಬೆಳಿಗ್ಗೆ ಮಾರಿಕುಪ್ಪಂನ ರೈಲು ಹೋಗಿ ಮುಟ್ಟುವ ಊರಿನಲ್ಲೇ ಇತ್ತು. ಮಾರುವವನಿಗೆ ಅದು ಗೊತ್ತಿರಲಿಲ್ಲ, ನಡುವೆ ನಿಂತವನಿಗೆ ಗೊತ್ತಿತ್ತು, ಅಷ್ಟೆ. ಆವಣಿ ಜಾತ್ರೆಯಲ್ಲಿ ದನದ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ಹಾಗೆಯೇ ಇದೂ: ಎರಡು ಕಡೆಯ ಬೆರಳೂ ಬಲ್ಲವನು ನಡುವಿನವನು ಒಬ್ಬನೇ. ಸ್ಥಳೀಯ ಹವ್ಯಾಸಿಗೆ ಎಟುಕುವ ಬೆಲೆ ಎಂದು ಇವರು ಕರೆಯುವುದು, ಸ್ಥಳೀಯ ಮಾಲೀಕನಿಂದ ಕಿತ್ತುಕೊಂಡ ಬೆಲೆ.

ನಾಲ್ಕನೆಯ ವಾದವನ್ನು ಮನಸ್ಸು ನೊಂದು ಹೇಳುವವರೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ: ಕೋಲಾರ ಚಿನ್ನದ ಗಣಿಯ ಕಾಲದ ವಾಹನಗಳು ಊರಿನ ಪರಂಪರೆ, ಹರಾಜಾದರೆ ಮುಂಬೈಗೋ ದೆಹಲಿಗೋ ಹೋಗಿಬಿಡುತ್ತವೆ. ಆದರೆ ಊರು ಇಷ್ಟು ದಿನ ಅವನ್ನು ಹೇಗೆ ಕಾಪಾಡಿತು? ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಕೆಲಸ ಹೋದ ಮನೆಗಳಲ್ಲಿ ಹಣದ ತುರ್ತು ಎಷ್ಟಿತ್ತೆಂದು ಆ ದಿನಗಳನ್ನು ಕಂಡವರಿಗೆ ಹೇಳಬೇಕಿಲ್ಲ. ಅಂಥ ಹೊತ್ತಿನಲ್ಲಿ ಊರಿನ ಹಳೆ ಲೋಹಕ್ಕೆಲ್ಲ ಸುಲಭವಾಗಿ ಸಿಕ್ಕ ಗಿರಾಕಿ ಗುಜರಿ ಅಂಗಡಿ, ಅಳತೆ ಕಿಲೋ ಲೆಕ್ಕ. ತೂಕಕ್ಕೆ ಹೋದ ಕಾರು ಯಾವ ಊರಿನ ಪರಂಪರೆಯೂ ಆಗಿ ಉಳಿಯುವುದಿಲ್ಲ. ಮುಂಬೈಗೆ ಹೋದ ಕಾರಿನ ಛಾಸಿ ನಂಬರ್, ಚಿತ್ರ, ಯಾರ ಮನೆಯಿಂದ ಹೋಯಿತೆಂಬ ವಿವರ ಹರಾಜಿನ ದಾಖಲೆಯಲ್ಲಿ ಉಳಿಯುತ್ತದೆ. ಊರಿನಲ್ಲೇ ಇರಬೇಕೆಂದರೆ ಊರಿನವರು ವಸ್ತುಸಂಗ್ರಹಾಲಯ ಕಟ್ಟಲಿ, ಅದೇ ಹರಾಜಿನಲ್ಲಿ ಕೂಗಿ ಕೊಳ್ಳಲಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆ ಕಾರುಗಳ ಸಾಲು ನಿಂತಿರುವುದು ಯಾರೋ ಹಣ ಮತ್ತು ಶ್ರದ್ಧೆ ಎರಡನ್ನೂ ಹಾಕಿದ್ದರಿಂದ. ಬಡ ಮಾಲೀಕ ಕಡಿಮೆಗೆ ಮಾರಿ ಪರಂಪರೆ ಉಳಿಸಲಿ ಎನ್ನುವುದು, ಇನ್ನೊಬ್ಬರ ಜೇಬಿನಿಂದ ತೋರಿಸುವ ಅಭಿಮಾನ.

ಪರಂಪರೆಯ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. 2018ರಲ್ಲಿ 'ಕೆಜಿಎಫ್' ಚಿತ್ರ ಬಂದ ಮೇಲೆ ಈ ಮೂರಕ್ಷರಕ್ಕೆ ಬೆಲೆ ಬಂದಿದೆ. 'ಗಣಿಯ ಬ್ರಿಟಿಷ್ ದೊರೆಯ ಕಾರು' ಎಂಬ ಕತೆ ಯಾವ ಹಳೆ ವಾಹನಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ಬ್ರೋಕರಿನ ಬಾಯಲ್ಲಿ ಈ ಕತೆಗೆ ಖರ್ಚಿಲ್ಲ. ಬಹಿರಂಗ ಹರಾಜಿನಲ್ಲಿ ಮೊದಲ ಪ್ರಶ್ನೆಯೇ ಹಳೆ ನೋಂದಣಿ ಪುಸ್ತಕ ಎಲ್ಲಿ, ಅದರಲ್ಲಿ ಯಾರ ಹೆಸರಿದೆ ಎಂದು. ಪರಂಪರೆಯ ಮೇಲೆ ನಿಜವಾದ ಕಾಳಜಿ ಇದ್ದವರು ಈ ಪ್ರಶ್ನೆಯನ್ನು ಸ್ವಾಗತಿಸಬೇಕು.

ನಮ್ಮ ಕಡೆಯ ಜನಕ್ಕೆ ಆನ್‌ಲೈನ್ ಹರಾಜು ಒಗ್ಗದು ಎನ್ನುವವರಿಗೆ ದೀರ್ಘ ಉತ್ತರ ಬೇಕಿಲ್ಲ. ರಾಮನಗರದ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳಲ್ಲಿ ರೇಷ್ಮೆ ಬೆಳೆಗಾರರು ಇ-ಹರಾಜಿನಲ್ಲಿ ಗೂಡು ಮಾರುತ್ತ ಬಂದಿದ್ದಾರೆ. ಜೀವನೋಪಾಯದ ಬೆಳೆಯನ್ನು ಹಾಗೆ ಮಾರಬಲ್ಲ ಜನ ಶೆಡ್ಡಿನ ಕಾರನ್ನು ಮಾರಲಾರರೇ?

ಹಳೆ ಗಾಡಿಗೆ ಕಾನೂನೇ ಅಡ್ಡಿ, ಕೊಂಡವನು ಸಿಕ್ಕಿಬೀಳುತ್ತಾನೆ ಎಂಬುದೂ ಹಾಗೆಯೇ ಅರೆಬೆಂದ ಮಾತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದರೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. 15 ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸಬಾರದೆಂಬ ಆದೇಶ ಹುಟ್ಟಿದ್ದು ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶಕ್ಕೆ, ನಮ್ಮ ಸೀಮೆಯ ಕೆಎ-08 ನೋಂದಣಿಗಲ್ಲ. 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಕಾರುಗಳಿಗೆ ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿ ತಂದಿದೆ: ಹೊಸದಾಗಿ ಮಾಡಿಸಲು 20,000 ರೂಪಾಯಿ, ಮರುನೋಂದಣಿಗೆ 5,000, ನಂಬರಿನಲ್ಲಿ 'ವಿಎ' ಎಂಬ ಗುರುತು. ಆ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಒಯ್ಯಬಹುದು. ಸಂಗ್ರಹಕಾರನಿಗೆ ಬೇಕಾದದ್ದೂ ಅಷ್ಟೇ. ಇಷ್ಟಕ್ಕೂ ಕಾನೂನು ನಿಜವಾಗಿ ಅಡ್ಡಿಯಾದರೆ ಅದು ಬ್ರೋಕರಿನ ಕೈಲಿರುವ ಕಾರಿಗೂ ಅಡ್ಡಿಯೇ. ಅಲ್ಲಿ ಮಾತ್ರ ಅದು ಹೇಗೆ ಮಾಯವಾಗುತ್ತದೆಂದು ಯಾರೂ ಹೇಳಿಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು: ಮಾರುವವನೇ ತನ್ನ ಕಡೆಯವರಿಂದ ಕೂಗಿಸಿ ಬೆಲೆ ಏರಿಸುತ್ತಾನೆ. ಇಂಥ ಸುಳ್ಳು ಕೂಗು ಹರಾಜಿನ ಹಳೆಯ ರೋಗ, ಇಲ್ಲವೆನ್ನುವುದಿಲ್ಲ. ಅದಕ್ಕೇ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಇರುವುದು. ಮಾರುವವನು ಕೂಗುವ ಹಕ್ಕನ್ನು ಮೊದಲೇ ಬಹಿರಂಗವಾಗಿ ಕಾದಿರಿಸಿಕೊಳ್ಳದೆ ತಾನೋ ತನ್ನ ಪರವಾಗಿ ಇನ್ನೊಬ್ಬನೋ ಕೂಗಿದರೆ, ಕೊಂಡವನು ಆ ಮಾರಾಟವನ್ನು ವಂಚನೆಯೆಂದು ಪರಿಗಣಿಸಬಹುದು. ನಟನೆಯ ಕೂಗಿನಿಂದ ಬೆಲೆ ಏರಿಸಿದ್ದರೆ ಮಾರಾಟವನ್ನೇ ರದ್ದುಪಡಿಸಬಹುದು. ಆನ್‌ಲೈನಿನಲ್ಲಿ ಪ್ರತಿ ಕೂಗಿಗೂ ಒಂದು ಖಾತೆ, ಒಂದು ಹೊತ್ತು, ಒಂದು ಮೊತ್ತ ದಾಖಲಾಗಿರುತ್ತದೆ. ಅನುಮಾನ ಬಂದವನು ಹುಡುಕಲು ಏನೋ ಒಂದು ಇರುತ್ತದೆ. ಇದರ ಎದುರಿಗೆ ಬ್ರೋಕರ್ ವ್ಯವಹಾರದ ಸುಳ್ಳು ಕೂಗನ್ನು ಇಡಿ. "ಬೆಂಗಳೂರು ಪಾರ್ಟಿ ಇಷ್ಟೇ ಹೇಳಿದ್ದು, ಇದರ ಮೇಲೆ ಒಂದು ರೂಪಾಯಿ ಬರಲ್ಲ" ಎಂಬ ಮಾತಿನಲ್ಲಿರುವ ಆ ಪಾರ್ಟಿ ಯಾರು, ಎಷ್ಟು ಹೇಳಿದ, ಯಾವಾಗ ಹೇಳಿದ? ಮಾರುವವನಿಗೆ ತೋರಿಸಲು ಒಂದು ಮೆಸೇಜೂ ಇಲ್ಲ, ಒಂದು ಚೀಟಿಯೂ ಇಲ್ಲ. ಬೆಲೆ ಇಳಿಸಲು ಹುಟ್ಟಿಸಿದ ಈ ಗಿರಾಕಿಯನ್ನು ಹಿಡಿಯುವ ಕಲಮು ಹರಾಜಿನ ಕಾನೂನಿನಲ್ಲಿಲ್ಲ, ಯಾಕೆಂದರೆ ಅಲ್ಲಿ ಹರಾಜೇ ನಡೆದಿರುವುದಿಲ್ಲ. ಸುಳ್ಳು ಕೂಗಿನ ಬಗ್ಗೆ ಇಷ್ಟು ಎಚ್ಚರವಿರುವವರು ಮುಂದಿನ ಸಲ ಕಾರು ನೋಡಲು ಬರುವಾಗ ಆ ಪಾರ್ಟಿಯ ಹೆಸರು ಮತ್ತು ಅವನು ಹೇಳಿದ ಬೆಲೆಯನ್ನು ಬರೆದು ತಂದು ಮಾಲೀಕನ ಕೈಗೆ ಕೊಡಲಿ.